ಯಾರೂ ನಂಬದ ಹಾರ್ಟ್ ಅಟ್ಯಾಕ್

ಭಾವ ಕಾರಿನಲ್ಲಿ ಕುಳಿತರೆ ತಲೆಯನ್ನು ಒಂದು ಕಡೆಗೆ ವಾಲಿಸಿ, ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದುಕೊಂಡಿರುತ್ತಿದ್ದರು. ನೋಡಿದವರು ನಿದ್ದೆ ಹೋಗಿದ್ದಾರೆ ಎಂದುಕೊಳ್ಳಬೇಕು. ವಾರೆನ್ ಊರಿನ ಕಾರು ಕಂಪನಿಯಲ್ಲಿ ಅವರ ಕೆಲಸವೇ ಅದು, ಹೊಸ ಕಾರುಗಳ ಬ್ರೇಕಿನ ಶಬ್ದ ಕೇಳುವುದು. ಆ ಭಾನುವಾರವೂ ಹಾಗೇ ಕುಳಿತಿದ್ದರು. ನಾನು ಡ್ರೈವ್ ಮಾಡುತ್ತಿದ್ದೆ, ಅಕ್ಕ ಹಿಂದಿನ ಸೀಟಿನಲ್ಲಿ ಅಂಗಡಿಯಿಂದ ತಂದ ಸಾಮಾನಿನ ನಡುವೆ ಕುಳಿತಿದ್ದಳು.

"ಬ್ರೇಕ್ ಸರಿಯಾಗೇ ಇದೆ ಕಣಯ್ಯ. ಕಿರ್ ಅಂತಿರೋದು ನಿಮ್ಮಕ್ಕ ಕೊಂಡ್ಕೊಂಡಿರೋ ಸ್ಟೀಲ್ ಡಬ್ಬಿ," ಎಂದರು.

"ನನ್ನ ಡಬ್ಬೀನೂ ಟೆಸ್ಟಿಂಗ್‌ಗೆ ತಗೊಂಡ್ ಹೋಗಿ ಮತ್ತೆ. ಸಂಬಳ ಕೊಡ್ತಾರಲ್ಲ," ಎಂದಳು ಅಕ್ಕ.

ಮನೆಯಲ್ಲಿ ಬಿಸಿಬೇಳೆಬಾತ್ ಉಂಡೆವು. ನಾನು ಹೊರಡುವಾಗ ಹಿಮ ಬೀಳಲು ಶುರುವಾಗಿತ್ತು. ಮರುದಿನ ಬೆಳಿಗ್ಗೆ ಮನೆ ಮುಂದಿನ ಹಿಮ ತೆಗೆಯುತ್ತಿದ್ದಾಗ ಭಾವ ಕುಸಿದು ಬಿದ್ದರು. ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟಿದ್ದರು. ಹಾರ್ಟ್ ಅಟ್ಯಾಕ್ ಎಂದರು ಡಾಕ್ಟರು.

ಬೇರೆ ಯಾರ ವಿಷಯವಾದರೂ ಇಷ್ಟು ಹೇಳಿದರೆ ಸಾಕಾಗುತ್ತಿತ್ತು. ನಮ್ಮ ಭಾವನ ವಿಷಯದಲ್ಲಿ ಸಾಕಾಗಲಿಲ್ಲ.

ನಾನು ದೇಶ ಬಿಟ್ಟು ಇಲ್ಲಿಗೆ ಬರುವ ಮೊದಲು ಭಾವ ಒಂದು ವರ್ಷ ಖಿನ್ನತೆಯಿಂದ ಬಿದ್ದು ಎದ್ದಿದ್ದರು. ಹಾಸಿಗೆಯಿಂದ ಏಳುತ್ತಿರಲಿಲ್ಲವಂತೆ. ಡಾಕ್ಟರಿಗೆ ತೋರಿಸಿ, ಮಾತ್ರೆ ತೆಗೆದುಕೊಂಡು ಚೇತರಿಸಿಕೊಂಡರು. ಅದನ್ನು ಅವರು ಮುಚ್ಚಿಡಲಿಲ್ಲ. ಬೇರೆಯವರು ಬೀಪಿ ಮಾತ್ರೆಯ ಬಗ್ಗೆ ಮಾತಾಡುವ ಹಾಗೆ ಊಟಕ್ಕೆ ಕರೆದವರ ಮನೆಗಳಲ್ಲಿ ಅದರ ಬಗ್ಗೆ ಮಾತಾಡುತ್ತಿದ್ದರು. ಅಕ್ಕ ಮೊದಮೊದಲು ಮೇಜಿನ ಕೆಳಗೆ ಅವರ ಕಾಲು ತುಳಿಯುತ್ತಿದ್ದಳು.

ಪ್ಲಿಮತ್‌ನ ಕಾರು ಬಿಡಿಭಾಗಗಳ ಕಂಪನಿಯಲ್ಲಿ ನನ್ನ ಕೆಲಸ ಹೋದ ವರ್ಷ ನಾನು ಅವರಿಗೆ ಫೋನ್ ಮಾಡಿ, ಕಾರು ಏನೋ ಶಬ್ದ ಮಾಡುತ್ತಿದೆ, ಬಂದು ನೋಡಿ ಎಂದೆ. ಬಂದು ಪಕ್ಕದಲ್ಲಿ ಕುಳಿತರು. ಹೈವೇ ಸೇರಿ ಆ್ಯನ್ ಆರ್ಬರ್ ಕಡೆಗೆ ಹೊರಟೆವು. ಬಹಳ ಹೊತ್ತು ಅವರು ಕಣ್ಣು ಮುಚ್ಚಿಕೊಂಡೇ ಇದ್ದರು.

"ಕಾರು ಚೆನ್ನಾಗಿದೆ. ನಿನಗೇನಾಗಿದೆ?" ಎಂದರು.

ಏನಿಲ್ಲ ಎಂದೆ.

"ಸಾಯೋ ಯೋಚನೆ ಬರ್ತಿದೆಯಾ?"

ಅಷ್ಟು ನೇರವಾಗಿ ಅದನ್ನು ಕೇಳಬಹುದು ಎಂದು ನನಗೆ ಗೊತ್ತಿರಲಿಲ್ಲ. ಹೂಂ ಎಂದುಬಿಟ್ಟೆ. ಅವರು ಬೆಚ್ಚಲಿಲ್ಲ, ಬುದ್ಧಿ ಹೇಳಲಿಲ್ಲ, ಹೆಂಡತಿ ಮಕ್ಕಳ ಮುಖ ನೋಡು ಎನ್ನಲಿಲ್ಲ. "ಸರಿ. ಮುಂದಿನ ಎಕ್ಸಿಟ್ ತಗೋ. ಕಾಫಿ ಕುಡಿಯೋಣ," ಎಂದರು. ಕಾಫಿ ಅಂಗಡಿಯಲ್ಲಿ ನಾನು ಡಾಕ್ಟರಿಗೆ ಫೋನ್ ಮಾಡುವವರೆಗೆ ನನ್ನ ಎದುರಿನಿಂದ ಏಳಲಿಲ್ಲ. ಆಮೇಲೆ ಸೌತ್‌ಫೀಲ್ಡ್‌ನಲ್ಲಿದ್ದ ಕೌನ್ಸೆಲರ್ ಹತ್ತಿರ ಅವರೇ ಕರೆದುಕೊಂಡು ಹೋಗುತ್ತಿದ್ದರು. ನಾನು ಹೊರಗೆ ಬರುವವರೆಗೆ ಪಾರ್ಕಿಂಗ್‌ನಲ್ಲಿ ಕುಳಿತು ಕಡಲೆಬೀಜ ತಿನ್ನುತ್ತಿದ್ದರು. "ನಾನು ಡಾಕ್ಟರ್ ಅಲ್ಲಪ್ಪ, ಬ್ರೇಕ್ ನೋಡೋನು. ತಲುಪಿಸೋದಷ್ಟೇ ನನ್ನ ಕೆಲಸ," ಎನ್ನುತ್ತಿದ್ದರು.

ಗಂಡಸರು ಎದುರುಬದುರು ಕುಳಿತರೆ ಬಾಯಿ ಬಿಡುವುದಿಲ್ಲ, ಕೈಯಲ್ಲಿ ಒಂದು ಕೆಲಸವಿರಬೇಕು ಎಂಬುದು ಅವರ ನಂಬಿಕೆ. ಅದಕ್ಕೇ ಶನಿವಾರ ಬೆಳಿಗ್ಗೆ ತಮ್ಮ ಗ್ಯಾರೇಜಿನ ಬಾಗಿಲು ತೆಗೆದಿಡುತ್ತಿದ್ದರು. ಆಯಿಲ್ ಬದಲಾಯಿಸಲು, ಟೈರು ಬದಲಾಯಿಸಲು ಎಂದು ಕನ್ನಡದ ಗಂಡಸರು ಬರುತ್ತಿದ್ದರು. ಕೆಲಸ ಹೋದವರು, ಡಿವೋರ್ಸ್ ಆದವರು, ಏನೂ ಆಗದೆ ನಿದ್ದೆ ಮಾತ್ರ ಬಾರದವರು. ದಾವಣಗೆರೆ ಕಡೆಯ ಸಾಹೇಬರೊಬ್ಬರು ತಪ್ಪದೆ ಬರುತ್ತಿದ್ದರು. ಇಲ್ಲಿ ಗ್ಯಾಸ್ ಸ್ಟೇಷನ್, ಅಂದರೆ ಪೆಟ್ರೋಲ್ ಬಂಕ್, ನಡೆಸುತ್ತಾರೆ. ಬರುವಾಗ ಎಲ್ಲರಿಗೂ ಡೋನಟ್ ತರುತ್ತಿದ್ದರು. "ನಿಮ್ ಕಾರಿಗೆ ಇನ್ನೂ ಎಷ್ಟ್ ಸಲ ಆಯಿಲ್ ಕುಡಸ್ತೀರಿ ಸಾಹೇಬ್ರೇ, ಅದಕ್ಕೆ ಅಜೀರ್ಣ ಆದೀತು," ಎಂದು ಭಾವ ರೇಗಿಸುತ್ತಿದ್ದರು. ಆ ಸಾಹೇಬರು ಡಾಕ್ಟರ ಹತ್ತಿರ ಹೋಗಲು ಒಪ್ಪಿದ್ದು ಭಾವನ ಮಾತಿನಿಂದ.

ಇಲ್ಲಿನ ನಮ್ಮ ಕನ್ನಡದವರಲ್ಲಿ ಒಂದು ರೂಢಿಯಿದೆ. ಯಾರಾದರೂ ಗಂಡಸು ತಾನೇ ಜೀವ ತೆಗೆದುಕೊಂಡರೆ ವಾಟ್ಸಾಪ್ ಗುಂಪಿನಲ್ಲಿ ಹಾರ್ಟ್ ಅಟ್ಯಾಕ್ ಎಂದು ಹಾಕುತ್ತಾರೆ. ಎಲ್ಲರಿಗೂ ಗೊತ್ತಿರುತ್ತದೆ, ಎಲ್ಲರೂ ಕೈಮುಗಿದ ಚಿತ್ರ ಹಾಕುತ್ತಾರೆ. ಒಬ್ಬ ಚಿಕ್ಕ ವಯಸ್ಸಿನ ಹುಡುಗ ಹಾಗೆ ಹೋದಾಗಲೂ ಅದನ್ನೇ ಹಾಕಿದರು. ಭಾವ ಆ ವರ್ಷ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಮಾತಾಡಲು ಹತ್ತು ನಿಮಿಷ ಅವಕಾಶ ಕೇಳಿಕೊಂಡರು. ಮಕ್ಕಳ ಡ್ಯಾನ್ಸಿಗೂ ಊಟಕ್ಕೂ ನಡುವೆ ಐದು ನಿಮಿಷ ಕೊಟ್ಟರು.

"ನಾನೂ ಆ ಹುಡುಗ ನಿಂತಿದ್ದ ಜಾಗದಲ್ಲೇ ನಿಂತಿದ್ದೆ. ಈಗ್ಲೂ ಮಾತ್ರೆ ತಗೊಳ್ತೀನಿ. ಹೀಗೆ ಸುಳ್ಳು ಹೇಳ್ತಾ ಹೋದ್ರೆ ಇನ್ನೊಬ್ಬ ಗಂಡಸು ಸಹಾಯ ಕೇಳಲ್ಲ ಕಣ್ರೀ," ಎಂದರು ಮೈಕಿನಲ್ಲಿ.

ಚಪ್ಪಾಳೆ ಬೀಳಲಿಲ್ಲ. ಕಮಿಟಿಯ ಅಂಕಲ್ ಒಬ್ಬರು ಊಟದ ಸಾಲಿನಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು, "ಹಬ್ಬದ ದಿನ ಇದೆಲ್ಲ ಬೇಕಿತ್ತೇನಯ್ಯ ನಿಮ್ ಭಾವಂಗೆ?" ಎಂದರು. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಅಂದರು.

ಇಂಥ ಮನುಷ್ಯನಿಗೆ ನಿಜವಾಗಿಯೇ ಹಾರ್ಟ್ ಅಟ್ಯಾಕ್ ಆಯಿತು. ಗುಂಪಿನಲ್ಲಿ ನಾನೇ ಹಾಕಿದೆ. ಕೈಮುಗಿದ ಚಿತ್ರಗಳು ಬಂದವು. ಆಮೇಲೆ ಒಂದೊಂದೇ ಫೋನ್ ಶುರುವಾದವು.

"ನಿಜ ಏನಾಯ್ತು? ನಮಗಾದ್ರೂ ಹೇಳು."

"ಮಾತ್ರೆ ನಿಲ್ಲಿಸಿದ್ರಾ?"

ಆಂಟಿಯೊಬ್ಬರು ಅಕ್ಕನ ಕೈ ಹಿಡಿದು, "ಯಾರಿಗೂ ಹೇಳಲ್ಲಮ್ಮ, ಅತ್ತುಬಿಡು," ಎಂದರಂತೆ. ಬೇಕಾದಾಗಲೆಲ್ಲ ಸುಳ್ಳಿಗೆ ಬಳಸಿ ಬಳಸಿ ಆ ಎರಡು ಪದಗಳನ್ನು ಹಾಳು ಮಾಡಿದವರು ಇವರೇ. ಅದನ್ನು ನಿಜವಾಗಿ ಹೇಳಬೇಕಾದಾಗ ನಮಗೆ ಬೇರೆ ಪದವಿರಲಿಲ್ಲ.

ಆಸ್ಪತ್ರೆಯವರು ಹೇಳಿದ್ದನ್ನೆಲ್ಲ ಗುಂಪಿನಲ್ಲಿ ಬಿಡಿಸಿ ಬರೆಯುತ್ತೇನೆ ಎಂದೆ. ಅಕ್ಕ ಬೇಡ ಎಂದಳು.

"ಅದಲ್ಲ ಅದಲ್ಲ ಅಂತ ನಾನು ಕೂಗಿದ್ರೆ, ಹಾಗೆ ಹೋದೋರೆಲ್ಲ ಮಾನಗೆಟ್ಟೋರು ಅಂತ ನಾನೇ ಒಪ್ಕೊಂಡ ಹಾಗಾಗತ್ತೆ ಕಣೋ. ಅವರಿಗೆ ಅದು ಇಷ್ಟ ಆಗ್ತಿತ್ತಾ?"

"ಸುಮ್ನಿದ್ರೆ ಗ್ಯಾರೇಜಿಗೆ ಬರ್ತಿದ್ದೋರು ಏನಂದ್ಕೋತಾರೆ ಅಕ್ಕ? ಅಷ್ಟು ಮಾತಾಡಿದ ಮನುಷ್ಯನೇ ಹೀಗೆ ಮಾಡ್ಕೊಂಡ, ಮಾತಾಡಿ ಏನು ಬಂತು ಅಂತಾರೆ."

ವೈಕುಂಠ ಸಮಾರಾಧನೆಯ ದಿನ ಹಾಲ್‌ನಲ್ಲಿ ಊಟಕ್ಕೆ ಎಲೆ ಹಾಕಿದ ಮೇಲೆ ಅಕ್ಕ ಎದ್ದು ನಿಂತಳು. ಭಾಷಣ ಮಾಡಿದವಳಲ್ಲ ಅವಳು.

"ನಮ್ಮನೆಯವರು ಹಾರ್ಟ್ ಅಟ್ಯಾಕ್ ಆಗೇ ಹೋದ್ರು. ಬೇರೆ ಥರ ಹೋಗಿದ್ರೆ ಅದನ್ನೂ ನಿಮಗೆ ಇಲ್ಲೇ ನಿಂತು ಹೇಳ್ತಿದ್ದೆ. ನನಗೆ ಅದರಲ್ಲಿ ನಾಚಿಕೆ ಇರ್ತಿರ್ಲಿಲ್ಲ. ಶನಿವಾರ ಗ್ಯಾರೇಜ್ ಬಾಗಿಲು ತೆಗೆದಿರತ್ತೆ. ಬನ್ನಿ."

ಆಮೇಲೆ ಬಡಿಸುವವರು ಪಾಯಸ ತಂದರು. ನನ್ನ ಬೆನ್ನ ಹಿಂದೆ ಯಾರೋ, "ಪಾಪ, ಶಾಕ್‌ನಲ್ಲಿದಾಳೆ," ಎಂದರು.

ಅಂದಿನಿಂದ ಪ್ರತಿ ಶನಿವಾರ ನಾನು ಹೋಗಿ ಬಾಗಿಲು ತೆಗೆಯುತ್ತೇನೆ. ಮೊದಲ ವಾರ ಒಬ್ಬರು ಬಂದು, ಅಕ್ಕನನ್ನು ಮಾತಾಡಿಸಿ, ಕಾರಿನಿಂದ ಇಳಿಯದೆ ಹೋದರು. ಮತ್ತೆ ಯಾರೂ ಬರಲಿಲ್ಲ. ನಾನೇ ಸಾಹೇಬರ ಗ್ಯಾಸ್ ಸ್ಟೇಷನ್‌ಗೆ ಹೋದೆ. ಗಾಜಿನ ಹಿಂದೆ ಕುಳಿತಿದ್ದರು, ಸೊರಗಿ ಹೋಗಿದ್ದರು. ಗಡ್ಡ ಬೆಳೆದಿತ್ತು.

"ಡಾಕ್ಟರ್ ಹತ್ರ ಹೋಗ್ತಿದೀರಾ?" ಎಂದೆ.

"ಬಿಟ್ಟೆ ಭಾಯ್. ಅವರಂಥೋರಿಗೇ ಆರಾಮ ಆಗಲಿಲ್ಲ ಅಂದ್ಮ್ಯಾಲೆ ನಮ್ಮಂಥೋರಿಗೆ ಏನಾಗತೈತಿ?"

"ಅವರಿಗೆ ಅದು ವಾಸಿಯಾಗಿತ್ತು ಸಾಹೇಬ್ರೇ. ಹೋಗಿದ್ದು ಹಾರ್ಟ್‌ನಿಂದ. ಆಣೆ ಮಾಡಿ ಹೇಳ್ತೀನಿ."

"ಹೌದು, ಹೌದು. ನೀವು ಮನೀ ಮಂದಿ, ಹಂಗೇ ಹೇಳಬೇಕು," ಎಂದು ಅವರು ನನ್ನನ್ನೇ ಸಮಾಧಾನ ಮಾಡಿದರು.

ಸಾಯುವ ಯೋಚನೆ ಬರುತ್ತಿದೆಯಾ ಎಂದು ಕೇಳಿದೆ. ಭಾವ ಕೇಳಿದ ಹಾಗೇ ಕೇಳಿದೆ ಎಂದುಕೊಂಡಿದ್ದೇನೆ. ಸಾಹೇಬರು ಹೊರಗಿನ ಪಂಪುಗಳ ಕಡೆ ನೋಡಿ, ಇಲ್ಲ ಎಂದರು. ನಾನು ನಂಬಲಿಲ್ಲ.

ಈಗ ನನ್ನ ಮನೆಯಿಂದ ಅದು ದೂರವಾದರೂ ಅಲ್ಲಿಗೇ ಹೋಗಿ ಗ್ಯಾಸ್ ಹಾಕಿಸುತ್ತೇನೆ. ಒಳಗೆ ಹೋಗಿ ನಿಲ್ಲುತ್ತೇನೆ, ಅದನ್ನೇ ಮತ್ತೆ ಕೇಳುತ್ತೇನೆ. ಅವರು ಚಹಾ ಕೊಡುತ್ತಾರೆ, ಅಕ್ಕ ಹೇಗಿದ್ದಾರೆ ಎಂದು ವಿಚಾರಿಸುತ್ತಾರೆ. ಡಾಕ್ಟರ ಹತ್ತಿರ ಇನ್ನೂ ಹೋಗಿಲ್ಲ.