ಖಾರವಿಲ್ಲದ ಕಾಯಿ

ಮೊದಲ ಉರಿ ಎದ್ದದ್ದು ಮೆಣಸಿನಕಾಯಿ ರಾಶಿಯ ಪಕ್ಕದಲ್ಲಿ. ಗರ್ಭಕೋಶದ ಆಪರೇಷನ್ ಆಗಿ ತಿಂಗಳಾಗಿತ್ತು. ಬ್ಯಾಡಗಿಯ ನಮ್ಮ ಅಂಗಳದಲ್ಲಿ ಹೆಂಗಸರು ಕಾಯಿಯ ತೊಟ್ಟು ಮುರಿಯುತ್ತಿದ್ದರು. ಎದೆಯಿಂದ ಬೆಂಕಿ ನುಗ್ಗಿ ಕತ್ತು ಹಿಡಿಯಿತು. ಕುಪ್ಪಸ ತೊಯ್ದುಹೋಯಿತು.

ಅತ್ತೆ ಕಾಯಿಯ ಘಾಟು ಅಂದರು. ನಂಬಿದೆ. ಈ ಊರಿನಲ್ಲಿ ಮೈ ಉರಿದರೆ ಬೇರೆ ಕಾರಣ ಯಾರು ಹುಡುಕುತ್ತಾರೆ? ಮಜ್ಜಿಗೆ ಕುಡಿದೆ, ನೆತ್ತಿಗೆ ಹರಳೆಣ್ಣೆ ಹಚ್ಚಿಸಿಕೊಂಡೆ, ರಾಶಿ ಬಿಟ್ಟು ಒಳಮನೆ ಸೇರಿದೆ. ಉರಿ ಅಲ್ಲಿಗೂ ಬಂತು. ನಿದ್ದೆ ಸತ್ತಿತು. ಕೈ ತಟ್ಟೆ ಎಸೆಯಿತು, ಗೋಡೆ ಗುದ್ದಿತು. ‘ಕೈ’ ಎಂದು ಬರೆಯುವುದು ಸುಳ್ಳು. ಎಸೆದವಳು ನಾನು.

ಒಂದು ಬೆಳಿಗ್ಗೆ ಮಗಳ ಹಣೆ ಒಡೆದೆ.

ಇಕ್ಕಳದಿಂದ ಎಂದು ನನ್ನ ನೆನಪು. ಸೌಟು ಎನ್ನುತ್ತಾಳೆ ಸವಿತಾ. ಜಡೆ ಹಾಕು ಎಂದು ಎರಡನೆಯ ಸಲ ಕೇಳಿದ್ದಳು, ಅಷ್ಟೇ. ಮೂರು ಹೊಲಿಗೆ ಬಿದ್ದವು. ಅದರಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ. ಒಂಬತ್ತು ವರ್ಷದವಳು ಆಮೇಲೆ ಜಡೆಯನ್ನು ಅಜ್ಜಿಯಿಂದ ಹಾಕಿಸಿಕೊಂಡಳು. ನಾನು ಒಳಗೆ ಬಂದರೆ ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದಳು.

ಕೆಲಸಕ್ಕೆ ಬರುತ್ತಿದ್ದ ಖೈರುನಬಿ ಒಂದು ಕಾಯಿ ಮುರಿದು ನಾಲಿಗೆಗೆ ಹಚ್ಚಿಕೊಂಡಳು.

“ಅಕ್ಕಾರ, ನಮ್ಮ ಕಾಯಿಗೆ ಇರೋದು ಬಣ್ಣ. ಮೈ ಸುಡೋವಷ್ಟು ಖಾರ ಇದರಾಗ ಎಲ್ಲೈತ್ರಿ? ಇಪ್ಪತ್ತು ವರ್ಷ ಈ ರಾಶ್ಯಾಗ ಕುಂತೇನಿ, ಯಾರ ತಲಿನೂ ಒಡದಿಲ್ಲ. ಲಗೂ ಡಾಕ್ಟರ್ ಕಡೆ ಹೋಗ್ರಿ.”

ಹೆಂಗಸರು ನಕ್ಕರು. ಬಣ್ಣಕ್ಕೆ ಹೆಸರಾದ ಕಾಯಿ ಮಾರಿ ಬದುಕುವ ನಾವೇ ಅದರ ಮೇಲೆ ಇಲ್ಲದ ಖಾರ ಹೊರಿಸಿದ್ದೆವು.

ರಾಣೆಬೆನ್ನೂರಿನ ಡಾಕ್ಟರಮ್ಮ ಡಿಸ್ಚಾರ್ಜ್ ಕಾರ್ಡನ್ನು ಎರಡು ಸಲ ಓದಿದರು.

“ಗರ್ಭಕೋಶದ ಜೋಡಿ ಎರಡೂ ಓವರಿ ತಗದಾರ. ನಿಮಗ ಹೇಳಿಲ್ಲೇನ್ರಿ?”

ಹೇಳಿರಲಿಲ್ಲ. ಅಥವಾ ಹೇಳಿದ್ದರು, ನೋವಿನಲ್ಲಿ ನನಗೆ ಕೇಳಿಸಿರಲಿಲ್ಲ.

ಓವರಿ ಹೋದರೆ ಈಸ್ಟ್ರೊಜೆನ್ ಹಾರ್ಮೋನ್ ಒಮ್ಮೆಲೇ ನಿಂತುಹೋಗುತ್ತದೆ, ಉರಿ, ನಿದ್ದೆಗೇಡು, ಸಿಟ್ಟು ಎಲ್ಲ ಅದರಿಂದ, ಮೂವತ್ತಾರಕ್ಕೇ ಹೀಗಾದರೆ ಎಲುಬೂ ಸವೆಯುತ್ತದೆ ಎಂದರು. ಬಿಪಿ ನೋಡಿದರು, ಎದೆ ಪರೀಕ್ಷಿಸಿದರು, ಮನೆತನದಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಆಗಿತ್ತೇ ಎಂದು ಕೇಳಿದರು. ಆ ಹಾರ್ಮೋನನ್ನೇ ಗುಳಿಗೆಯಾಗಿ ಬರೆದರು, ದಿನಕ್ಕೊಂದು.

ಮಗಳನ್ನು ಹೊಡೆದದ್ದಕ್ಕೂ ಇದೇ ಕಾರಣವೇ ಎಂದೆ. ಹೌದು ಅನ್ನಲಿ ಎಂದು ಕಾದೆ.

“ಉರಿಗೆ ಗುಳಗಿ ಕೊಟ್ಟೇನಿ. ಆ ಮಾತು ಮಗಳ ಕೂಡ ಆಡ್ರಿ.”

ಮೂರು ವಾರಕ್ಕೆ ಉರಿ ತಗ್ಗಿತು. ಸವಿತಾಗೆ ಗುಳಿಗೆ ತೋರಿಸಿದೆ. ಆದರೂ ಹೊಡೆದವಳು ನಾನೇ ಎಂದೆ. ಅವಳು ಜಡೆ ಹಾಕಿಸಿಕೊಳ್ಳಲು ಅಜ್ಜಿಯ ಹತ್ತಿರ ಹೋದಳು.

ಹೋದ ಸೋಮವಾರ ಬಾಚಣಿಗೆ ಹಿಡಿದು ಬಂದಳು.

“ಇವತ್ತಿಂದು ಗುಳಗಿ ತಗೊಂಡೀಯೇನವ್ವಾ?”

ತಗೊಂಡೇನಿ ಎಂದ ಮೇಲೆ ನನಗೆ ಬೆನ್ನು ಕೊಟ್ಟು ಕೂತಳು. ಹೆಗಲು ಇನ್ನೂ ಬಿಗಿದಿತ್ತು. ಎರಡು ಜಡೆ ಹಾಕುವಷ್ಟು ಹೊತ್ತು ಏಳಲಿಲ್ಲ.