ಗೋಡೆ ಕಟ್ಟಿದವರ ಹೆಸರುಗಳು

ಅಕ್ಷರಗಳೆಲ್ಲ ಇದ್ದಲ್ಲೇ ಇದ್ದವು. ನನಗೆ ಓದಲು ಬರಲಿಲ್ಲ.

1998ರ ಜೂನ್ ತಿಂಗಳ ಒಂದು ಬೆಳಗ್ಗೆ, ಬನ್ನೂರಿನ ನಮ್ಮ ಮನೆಯಲ್ಲಿ. ಒಲೆಯ ಮೇಲೆ ಹಾಲಿಟ್ಟು ಬೈಬಲ್ ತೆರೆದಿದ್ದೆ. ಹಾಲು ಕಾಯುವುದರೊಳಗೆ ಒಂದು ಅಧ್ಯಾಯ, ಕಾಫಿ ಕುಡಿಯುತ್ತಾ ಎರಡು, ಸ್ಕೂಲಿಗೆ ಹೊರಡುವ ಮುಂಚೆ ಇನ್ನೊಂದು. ಹೀಗೆ ವರ್ಷಕ್ಕೊಮ್ಮೆ ಇಡೀ ಬೈಬಲ್ ಮುಗಿಸುವವಳು ನಾನು. ಅವತ್ತು ಪುಟದ ಬಲಭಾಗ ಮಸುಕಾಗಿತ್ತು. ಕನ್ನಡಕ ಒರೆಸಿದೆ. ತಲೆಯ ಹಿಂಭಾಗ ಸಿಡಿಯುತ್ತಿತ್ತು. ಎಡಗಡೆ ಕಾಣುತ್ತಿದ್ದದ್ದು ಕನ್ನಡ ಎಂದು ಗೊತ್ತಾಗುತ್ತಿತ್ತು, ಏನು ಬರೆದಿದೆ ಎಂದು ಮಾತ್ರ ತಿಳಿಯಲಿಲ್ಲ.

ಹಾಲು ಉಕ್ಕಿ ಒಲೆ ಆರಿತು.

ಮೈಸೂರಿನ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ ಸ್ಟ್ರೋಕ್ ಎಂದರು. ಕೈಕಾಲು ಬಿದ್ದಿರಲಿಲ್ಲ. ಬಾಯಿ ಸೊಟ್ಟಗಾಗಿರಲಿಲ್ಲ. ಹೆಸರು ಬರೆಯಿರಿ ಎಂದು ಡಾಕ್ಟರು ಕಾಗದ ಕೊಟ್ಟರು. ಸುಗುಣ ಎಂದು ದುಂಡಗೆ ಬರೆದೆ. ಇಪ್ಪತ್ತಾರು ವರ್ಷ ಮಕ್ಕಳಿಗೆ ಕಾಪಿ ಬರೆಸಿದ ಕೈ. ಅದೇ ಕಾಗದವನ್ನು ನನ್ನ ಮುಂದೆ ಹಿಡಿದು ಓದಿ ಎಂದರು.

ನನ್ನ ಹೆಸರು ನನಗೇ ಓದಲು ಬರಲಿಲ್ಲ.

"ಮೆದುಳಲ್ಲಿ ಓದೋ ಭಾಗಕ್ಕೆ ಪೆಟ್ಟಾಗಿದೆ. ಬರೆಯೋದು ಉಳಿದಿದೆ. ಓದು ಸ್ವಲ್ಪ ಸ್ವಲ್ಪ ವಾಪಸ್ ಬರಬಹುದು. ಪೂರ್ತಿ ಬರುತ್ತೆ ಅಂತ ಹೇಳೋಕಾಗಲ್ಲ" ಎಂದರು.

ನಾನು ಎಂಥವಳು ಎಂದು ಹೇಳಿದರೆ ಈ ಮಾತು ನನಗೆ ಎಲ್ಲಿ ನಾಟಿತು ಎಂಬುದು ಅರ್ಥವಾದೀತು. ತಿ. ನರಸೀಪುರದ ನಮ್ಮ ಸ್ತ್ರೀಯರ ಕೂಟದಲ್ಲಿ ಬೈಬಲ್ ಪಾಠ ನಡೆಸುತ್ತಿದ್ದವಳು ನಾನೇ. ಯಾರಾದರೂ ಓದುವಾಗ ತಡವರಿಸಿದರೆ ಅವರ ಬಾಯಿಂದಲೇ ಕಿತ್ತುಕೊಂಡು ಓದಿಬಿಡುತ್ತಿದ್ದೆ. ನಮ್ಮ ಯಜಮಾನರು ದಾನಪ್ಪ ಗಾರೆ ಮೇಸ್ತ್ರಿ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವರು, ಬೆರಳಿಟ್ಟುಕೊಂಡು ಓದುವವರು. "ಒಂದು ಸುವಾರ್ತೆನಾದ್ರೂ ಮುಗ್ಸಿದೀರೇನ್ರೀ?" ಎಂದು ಎಷ್ಟು ಸಲ ಹಂಗಿಸಿದ್ದೇನೋ. ಅವರು ನಕ್ಕುಬಿಡುತ್ತಿದ್ದರು.

ಸ್ಪೀಚ್ ಥೆರಪಿಸ್ಟ್ ಒಂದು ಉಪಾಯ ಹೇಳಿಕೊಟ್ಟರು. ಅಕ್ಷರದ ಮೇಲೆ ಬೆರಳಾಡಿಸಬೇಕು, ಕಣ್ಣಿಗೆ ತಿಳಿಯದ್ದು ಕೈಗೆ ತಿಳಿಯುತ್ತದೆ ಎಂದು. ಒಂದನೇ ಕ್ಲಾಸಿನವರ ಹಾಗೆ ತಿದ್ದುವುದೇ? ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದವಳು ಬೇರೆ ದಾರಿ ಹಿಡಿದೆ. ಬೈಬಲ್ಲಿನ ಕೀರ್ತನೆಗಳಲ್ಲಿ ಎಷ್ಟೋ ನನಗೆ ಬಾಯಿಪಾಠ. ಪುಸ್ತಕ ತೆರೆದಿಟ್ಟುಕೊಂಡು, ಕಣ್ಣು ಅದರ ಮೇಲಿಟ್ಟು, ಗಟ್ಟಿಯಾಗಿ ಹೇಳುತ್ತಾ ಹೋದೆ. ಮಕ್ಕಳು ಮೂವರೂ ಅಡುಗೆಮನೆಯಿಂದ ಓಡಿ ಬಂದರು. ದೊಡ್ಡವಳು ಶಾಂತಿ ಅತ್ತೇಬಿಟ್ಟಳು. ಅಮ್ಮನಿಗೆ ಓದು ಬಂತು ಎಂದು ಪಕ್ಕದ ಮನೆಗೂ ಸುದ್ದಿ ಹೋಯಿತು.

ದಾನಪ್ಪ ಮಾತ್ರ ಎಲ್ಲರೂ ಎದ್ದು ಹೋದ ಮೇಲೆ ಹತ್ತಿರ ಬಂದು ಕೂತರು.

"ಹಾಳೇನೇ ತಿರುಗಿಸ್ಲಿಲ್ವಲ್ಲೇ" ಎಂದರು. "ನೀ ಓದ್ತಾ ಇಲ್ಲ ಕಣೇ, ಒಪ್ಪಿಸ್ತಾ ಇದೀಯ."

ಜೋರಾಗಿ ಅತ್ತೆ. ಬೈದೆ ಕೂಡ. ನಿಮಗೇನು ಗೊತ್ತು ಓದು ಎಂದರೆ, ಎಂದೆ. ಅವರು ಪುಸ್ತಕ ತೆಗೆದುಕೊಂಡು, ಹುಡುಕದೆ, ನೇರವಾಗಿ ಒಂದು ಪುಟ ತೆರೆದು ನನ್ನ ತೊಡೆಯ ಮೇಲಿಟ್ಟರು. "ಬಾಯಿಪಾಠ ಇಲ್ದಿದ್ದು ಓದು. ಇದು ಯಾರ್ಗೂ ಬಾಯಿಪಾಠ ಬರಲ್ಲ."

ನೆಹೆಮೀಯನ ಪುಸ್ತಕದ ಮೂರನೆಯ ಅಧ್ಯಾಯ. ಯೆರೂಸಲೇಮಿನ ಬಿದ್ದ ಗೋಡೆಯನ್ನು ಯಾರು ಯಾರು, ಎಲ್ಲಿಂದ ಎಲ್ಲಿಯವರೆಗೆ ಕಟ್ಟಿದರು ಎಂಬ ಪಟ್ಟಿ. ಬರೀ ಹೆಸರು. ಇಲ್ಲೊಂದು ನಿಜ ಹೇಳಿಬಿಡುತ್ತೇನೆ: ವರ್ಷಕ್ಕೊಮ್ಮೆ ಮುಗಿಸುತ್ತಿದ್ದೆ ಎಂದೆನಲ್ಲ, ಇಂಥ ಪಟ್ಟಿಗಳನ್ನು ನಾನು ಹಾರಿಸಿಯೇ ಮುಗಿಸುತ್ತಿದ್ದದ್ದು. ಅವರೋ, ಈ ಒಂದು ಅಧ್ಯಾಯವನ್ನು ಮದುವೆಯಾದಾಗಿನಿಂದ ಓದುತ್ತಿದ್ದರಂತೆ. "ಕೆಲ್ಸಗಾರರ ಎಸರು ಬರ್ದಿರೋದು ಇದೊಂದೇ ಕಡೆ ಕಣೇ ನಾ ನೋಡಿದ್ದು. ನಾ ಕಟ್ಟಿದ್ ಮನೆ ಒಂದರ ಮೇಲಾದ್ರೂ ನನ್ನೆಸ್ರು ಐತಾ?"

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಇದು ಗೊತ್ತಿರಲಿಲ್ಲ.

ಕೊನೆಗೆ ಥೆರಪಿಸ್ಟ್ ಹೇಳಿದ ದಾರಿಗೇ ಬಂದೆ. ದಿನಕ್ಕೆ ಒಂದು ಹೆಸರು. ಅಕ್ಷರ ನೋಡಿ, ಅದರ ಆಕಾರವನ್ನು ಅವರ ಅಂಗೈ ಮೇಲೆ ತಿದ್ದುತ್ತಿದ್ದೆ. ಸಿಮೆಂಟು ತಿಂದ ಒರಟು ಅಂಗೈ. ಕೈ ಗುರುತು ಹಿಡಿದದ್ದನ್ನು ಬಾಯಿ ಹೇಳುತ್ತಿತ್ತು. ಒಂದು ಹೆಸರಿಗೆ ಕಾಲು ಗಂಟೆ, ಬೆವರು, ತಲೆನೋವು. ಬಿ.ಪಿ. ಮಾತ್ರೆ ನುಂಗಿ ಮಲಗಿದರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಆದರೆ ಅಷ್ಟು ಕಷ್ಟಪಟ್ಟು ಓದಿದ ಹೆಸರನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರುತ್ತಿರಲಿಲ್ಲ. ಮಲಗಿದಲ್ಲೂ ಆ ಹೆಸರಿನವನ ಬಗ್ಗೆಯೇ ಯೋಚನೆ. ತೆಕೋವ ಊರಿನ ದೊಡ್ಡ ಮನುಷ್ಯರು ಕೆಲಸಕ್ಕೆ ಹೆಗಲು ಕೊಡಲಿಲ್ಲ ಎಂಬಲ್ಲಿ ದಾನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಗ್ಲೂ ಇಂಗೇನಾ!" ಒಬ್ಬೊಬ್ಬರೂ ತಮ್ಮ ಮನೆಯ ಎದುರಿನ ಗೋಡೆ ಕಟ್ಟಿದರು ಎಂಬುದಕ್ಕೆ ಅವರ ವ್ಯಾಖ್ಯಾನ ಹೀಗಿತ್ತು: "ಅಂಗೇ ಕಟ್ಟಿಸ್ಬೇಕು. ತನ್ನ ಮನೆ ಮುಂದ್ಲು ಗೋಡೆ ಅಂದ್ರೆ ಯಾರೂ ಮಣ್ಣು ಮೆತ್ತಿ ಓಗಲ್ಲ." ಪಾಠ ಹೇಳುತ್ತಿದ್ದ ನನಗೆ ಇದೊಂದೂ ಹೊಳೆದಿರಲಿಲ್ಲ. ವೇಗವಾಗಿ ಓದಿ ಓದಿ ನಾನು ದೇವರ ಮಾತಿನ ಮೇಲೆ ಬಸ್ಸು ಓಡಿಸಿಕೊಂಡು ಹೋಗಿದ್ದೆ.

ಆಗಸ್ಟ್ ಕೊನೆಗೆ ಹನ್ನೆರಡನೆಯ ವಚನ ತಲುಪಿದೆ. ಶಲ್ಲೂಮ ಎಂಬ ಅಧಿಕಾರಿ. ಅವನ ಜೊತೆ ಗೋಡೆ ಕಟ್ಟಿದವರು ಯಾರೆಂದು ತಿದ್ದುತ್ತಾ ತಿದ್ದುತ್ತಾ ಬಂದು, ಬೆರಳು ನಿಂತುಹೋಯಿತು.

ಅವನ ಹೆಣ್ಣುಮಕ್ಕಳು.

"ರೀ, ಇದು ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೇ ಏನು? ಮೂರೂ ಎಣ್ಣೇ ಆಯ್ತಲ್ಲ ಮೇಸ್ತ್ರಿ ಅಂತ ಜನ ಲೊಚಗುಟ್ಟಿದಾಗೆಲ್ಲ ಇದನ್ನೇ ತೆಗ್ದು ಓದ್ಕತಿದ್ದೆ."

ಮುಂದಿನ ವರ್ಷ ಕೂಟದವರು ಕರೆದರು. ಕೂಟದ ಅಧ್ಯಕ್ಷೆ ರತ್ನಮ್ಮ ಮನೆಗೇ ಬಂದು, "ಯಾವುದಾದರೂ ಚಿಕ್ಕ ಕೀರ್ತನೆ ಓದಿ ಸಾಕು ಟೀಚರ್" ಎಂದರು. ಒಪ್ಪಿಸಿ ಬಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಮೂರನೆಯ ಅಧ್ಯಾಯವೇ ಓದುತ್ತೇನೆ ಎಂದೆ.

ದಾನಪ್ಪ, ಶಾಂತಿ ಜೊತೆಗೆ ನರಸೀಪುರದ ಬಸ್ಸು ಹತ್ತಿದೆ. ಕೂಟದಲ್ಲಿ ಎಲ್ಲರೆದುರು ಎದ್ದು ನಿಂತು ಶುರು ಮಾಡಿದೆ. ಎಡ ಅಂಗೈ ಮೇಲೆ ಬಲಗೈ ಬೆರಳು. ನಾಲ್ಕನೆಯ ವಚನದಲ್ಲೇ ಸಿಕ್ಕಿಕೊಂಡೆ. ಎಷ್ಟು ತಿದ್ದಿದರೂ ಹೆಸರು ಬರಲೊಲ್ಲದು. ಎಲ್ಲರೂ ತಲೆ ತಗ್ಗಿಸಿದರು. ರತ್ನಮ್ಮ ಹೇಳಿಕೊಡಲು ಬಾಯಿ ತೆರೆದರು, ಹಿಂದೆ ನಾನು ಅವರಿಗೆ ಮಾಡುತ್ತಿದ್ದ ಹಾಗೆಯೇ.

"ಏಳ್ಕೊಡ್ಬ್ಯಾಡಿ ಕಣಮ್ಮ" ಎಂದರು ಬಾಗಿಲ ಬಳಿ ನಿಂತಿದ್ದ ದಾನಪ್ಪ. "ಅವ್ಳೇ ಓದ್ತಾಳೆ."

ಓದಿದೆ. ಮೂವತ್ತೆರಡು ವಚನಕ್ಕೆ ಒಂದು ಗಂಟೆಯ ಮೇಲಾಯಿತು. ಒಬ್ಬರೂ ಎದ್ದು ಹೋಗಲಿಲ್ಲ. ಹೆಣ್ಣುಮಕ್ಕಳ ವಚನ ಬಂದಾಗ ಮುಂದೆ ಕೂತಿದ್ದ ಶಾಂತಿಯ ಮುಖ ನೋಡಿ ಎರಡು ಸಲ ಓದಿದೆ.

ಪೇಪರು ಈಗಲೂ ನನಗೆ ದಪ್ಪ ಅಕ್ಷರದ ಮಟ್ಟಿಗೆ ಮಾತ್ರ. ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಸ್ಕೂಲಿಗೆ ರಾಜೀನಾಮೆ ಕೊಟ್ಟೆ. ಉಳಿದದ್ದಕ್ಕೆ ದೇವರಿಗೆ ಸ್ತೋತ್ರ, ಡಾಕ್ಟರಿಗೂ.

ಅವತ್ತು ಕೂಟದಿಂದ ವಾಪಸು ಬರುವಾಗ ದಾನಪ್ಪ ಬನ್ನೂರು ಬರುವವರೆಗೂ ಒಂದೇ ಮಾತು ಹೇಳುತ್ತಿದ್ದರು: "ಒಬ್ರನ್ನೂ ಬಿಡ್ಲಿಲ್ಲ ಕಣೇ ನೀನು." ಹೌದು, ಒಬ್ಬರನ್ನೂ ಬಿಟ್ಟಿರಲಿಲ್ಲ. ನನಗೆ ಹೆಮ್ಮೆಯಾಯಿತು, ಬಹಳ ಹೆಮ್ಮೆಯಾಯಿತು. ಅದನ್ನು ಮುಚ್ಚಿಟ್ಟುಕೊಳ್ಳುವಷ್ಟು ದೊಡ್ಡ ಭಕ್ತೆ ನಾನಲ್ಲ.