ಕಡಬದ ಎಮ್ಮೆಯ ಫೋಟೊ

“ನನ್ ಮುಖ ಬುಡಪ್ಪ, ನನ್ ಎಮ್ಮೇದು ತೆಗಿ. ನಾಳೆ ಕುಣಿಗಲ್‌ಗೆ ಮಗಳ ಮನೆಗೆ ಹೊಡ್ಕೊಂಡೋಯ್ತಾರೆ. ನೋಡ್ಬೇಕು ಅನ್ಸಿದ್ರೆ ಏನ್ ಮಾಡ್ಲಿ?” ಎಂದರು ಕಡಬದ ಗೌರಮ್ಮ, ಎಮ್ಮೆಯನ್ನು ಗುಬ್ಬಿಯ ನನ್ನ ಸ್ಟುಡಿಯೊ ಬಾಗಿಲಿಗೇ ತಂದು ನಿಲ್ಲಿಸಿ.

ಆಗಿನ್ನೂ ಕಪ್ಪುಬಿಳುಪಿನ ಕಾಲ. ಕಪ್ಪು ಎಮ್ಮೆ ಫೋಟೊದಲ್ಲಿ ಮಸಿ ಮುದ್ದೆಯಾದೀತೆಂದು ಹರಳೆಣ್ಣೆ ಸವರಿ ಅದರ ಮೈ ಮಿರುಗಿಸಿದೆ, ಹಿಂದೆ ನನ್ನ ಬಿಳಿ ಪಂಚೆ ಕಟ್ಟಿದೆ. ಆದರೂ ಅದು ಮುಖವನ್ನೇ ಎತ್ತಲಿಲ್ಲ. ಗೌರಮ್ಮನನ್ನೇ ಕ್ಯಾಮೆರಾ ಪಕ್ಕ ನಿಲ್ಲಿಸಿದೆ. “ಕರಿಯವ್ವಾ, ಇಲ್ ನೋಡೇ!” ಎಂದು ಅವರು ಕೈಚಾಚಿದ್ದೇ ತಡ, ಎಮ್ಮೆ ತಲೆಯೆತ್ತಿ ಅವರನ್ನೇ ನೋಡಿತು. ಕ್ಲಿಕ್ ಮಾಡಿದೆ.

ಎಮ್ಮೆ ಹೋದ ಮೇಲೆ, ದೊಡ್ಡದು ಮಾಡಿಸಿದ ಫೋಟೊ ಒಯ್ಯಲು ಅವರು ಬಂದರು. “ಕಣ್ಣೊಳಗೆ ಯಾರವ್ರೆ ನೋಡಮ್ಮ” ಎಂದೆ. ಎಮ್ಮೆಯ ಕಣ್ಣಲ್ಲಿ, ಬಿಳಿ ಸೀರೆಯುಟ್ಟು ಕೈಚಾಚಿದ ಗೌರಮ್ಮ ಎಳ್ಳಿನಷ್ಟು ಚಿಕ್ಕದಾಗಿ ಮೂಡಿದ್ದರು.

“ಅಯ್ ಕಳ್ಳಿ, ನನ್ನೂ ಜತೇಲೇ ಕರ್ಕೊಂಡೋಗಿದೀಯಲ್ಲೇ!” ಎಂದು ಫೋಟೊಗೇ ಬೈದು ಕಣ್ಣೊರೆಸಿಕೊಂಡರು.

ಅದರ ಇನ್ನೊಂದು ಪ್ರತಿ ಇಂದಿಗೂ ನನ್ನ ಅಂಗಡಿಯಲ್ಲಿ ಮದುಮಕ್ಕಳ ಫೋಟೊಗಳ ನಡುವೆಯೇ ಇದೆ. ಎಮ್ಮೆ ಫೋಟೊಗೆ ಯಾಕೆ ಕಟ್ಟು ಹಾಕಿಸಿದ್ದೀಯಾ ಎಂದು ನಕ್ಕವರಿಗೆ, ನಾನು ಭೂತಗನ್ನಡಿ ಕೊಟ್ಟು, “ಕಣ್ಣು ನೋಡಿ” ಎನ್ನುತ್ತೇನೆ.